ಸಿಸಿಎನ್‌ಎಗೆ ಯಾವ ಗೈಡ್? ಮೊದಲು ವಿಷಯಪಟ್ಟಿ ತೆರೆಯಿರಿ

ಪ್ರಶ್ನೆ: ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಸಿಸ್ಕೋ ಕಂಪನಿಯ ಸಿಸಿಎನ್‌ಎ (ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಪರೀಕ್ಷೆ ಬರೆಯಬೇಕೆಂದಿದ್ದೇನೆ. ಸೀನಿಯರ್ ಒಬ್ಬರು 2018ರಲ್ಲಿ ತಾವು ಓದಿದ ದಪ್ಪ ಗೈಡ್ ಕೊಟ್ಟಿದ್ದಾರೆ. ಅವೆನ್ಯೂ ರಸ್ತೆಯಲ್ಲಿ ಒಂದೇ ಸಂಪುಟದ ತೆಳ್ಳನೆಯ ಗೈಡ್ ಕಡಿಮೆ ಬೆಲೆಗೆ ಸಿಕ್ಕಿತು. ಸಿಸ್ಕೋ ಪ್ರೆಸ್‌ನ ಅಧಿಕೃತ ಗೈಡ್ ಎರಡು ಸಂಪುಟ, ದುಬಾರಿ. ಯಾವುದನ್ನು ಓದಲಿ? (ದಾವಣಗೆರೆ)

ಈ ಪ್ರಶ್ನೆ ಬಿಟ್ಟೂ ಬಿಡದೆ ಬರುತ್ತಿದೆ. ಪುಸ್ತಕದ ದಪ್ಪ, ಬೆಲೆ, ಸೀನಿಯರ್ ಹೇಳಿದ್ದು, ಯೂಟ್ಯೂಬಲ್ಲಿ ಕೇಳಿದ್ದು ಎಲ್ಲವೂ ಪತ್ರದಲ್ಲಿರುತ್ತದೆ. ವಿಷಯಪಟ್ಟಿಯನ್ನು ನೋಡಿದ್ದೇನೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಪರೀಕ್ಷೆಗೆ 300 ಡಾಲರ್ ಶುಲ್ಕ, ತೆರಿಗೆ ಬೇರೆ. ಅಷ್ಟು ದುಡ್ಡು ಕಟ್ಟಲು ಹೊರಟವರು, ಪುಕ್ಕಟೆ ಸಿಗುವ ನಾಲ್ಕಾರು ಪುಟದ ಪಟ್ಟಿಯನ್ನು ಓದದೆ ಗೈಡ್ ಹುಡುಕುವುದು ನನಗೆ ಸುತರಾಂ ಅರ್ಥವಾಗುವುದಿಲ್ಲ.

ಸಿಸ್ಕೋ ತನ್ನ ತಾಣದಲ್ಲಿ 200-301 (ಇದೇ ಸಿಸಿಎನ್‌ಎಯ ಸಂಖ್ಯೆ) ಪರೀಕ್ಷೆಯ ವಿಷಯಪಟ್ಟಿಯನ್ನು ಇಟ್ಟಿದೆ. ಅದನ್ನು ಪ್ರಿಂಟ್ ತೆಗೆಸಿಕೊಳ್ಳಿ. ಪಟ್ಟಿಯ ಮೇಲ್ಭಾಗದಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ, ಮೊದಲು ಅದನ್ನು ನೋಡಿ. 200-301 ಶುರುವಾದದ್ದು 2020ರ ಫೆಬ್ರವರಿ 24ಕ್ಕೆ. ಅದರ 1.1 ಆವೃತ್ತಿ ಜಾರಿಗೆ ಬಂದದ್ದು 2024ರ ಆಗಸ್ಟ್ 20ಕ್ಕೆ. ಪರೀಕ್ಷೆಯ ಸಂಖ್ಯೆ ಹಾಗೇ ಇದ್ದು ಒಳಗಿನ ವಿಷಯ ಬದಲಾಗಿದೆ. ಆದ್ದರಿಂದ ಮುಖಪುಟದಲ್ಲಿ 200-301 ಎಂದಿದ್ದರೆ ಸಾಲದು, ಪುಸ್ತಕ 1.1 ಆವೃತ್ತಿಗೆ ಬರೆದದ್ದೋ ಎಂದು ಮುನ್ನುಡಿಯಲ್ಲಿ ನೋಡಬೇಕು. ಮುನ್ನುಡಿ ನಂಬಿಕೆ ಹುಟ್ಟಿಸದಿದ್ದರೆ ಹಿಂದಿನ ಪದಸೂಚಿ ತೆರೆಯಿರಿ. ಟೆರಾಫಾರ್ಮ್ ಎಂಬ ಆಟೊಮೇಷನ್ ಸಾಧನ ಇದೆಯೇ? ಸ್ವಿಚ್‌ಗಳ ರಕ್ಷಣೆಯ ರೂಟ್ ಗಾರ್ಡ್, ಲೂಪ್ ಗಾರ್ಡ್ ಇವೆಯೇ? ಟೆರಾಫಾರ್ಮ್ ಇಲ್ಲದೆ ಅದೇ ಬಗೆಯ ಪಪೆಟ್, ಶೆಫ್ ಮಾತ್ರ ಇದ್ದರೆ ಅದು ಹಳೆಯ ಆವೃತ್ತಿಯ ಪುಸ್ತಕ.

ಆಮೇಲೆ ಪಟ್ಟಿಯ ಶೇಕಡಾವಾರು ನೋಡಿ. ನೆಟ್‌ವರ್ಕ್ ಮೂಲಾಂಶ 20, ನೆಟ್‌ವರ್ಕ್ ಆಕ್ಸೆಸ್ 20, ಐಪಿ ಕನೆಕ್ಟಿವಿಟಿ (ಅಂದರೆ ರೌಟಿಂಗ್, ಪ್ಯಾಕೆಟ್ಟಿಗೆ ದಾರಿ ಆರಿಸುವುದು) 25, ಐಪಿ ಸರ್ವಿಸಸ್ 10, ಸೆಕ್ಯುರಿಟಿ 15, ಆಟೊಮೇಷನ್ 10. ಕಾಲು ಭಾಗದಷ್ಟು ರೌಟಿಂಗ್ ಇದೆ ಎಂದಾಯಿತು. ಅಂಗಡಿಗಳಲ್ಲಿ ಸಿಗುವ ಅಗ್ಗದ ಗೈಡುಗಳಲ್ಲಿ ಓಎಸ್‌ಐನ ಏಳು ಪದರ, ಕೇಬಲ್ ವಿಧಗಳು, ಟೋಪಾಲಜಿ ಚಿತ್ರಗಳಿಗೆ ನೂರು ಪುಟ ಹೋಗಿ, ರೌಟಿಂಗಿಗೆ ಇಪ್ಪತ್ತು ಪುಟ ಉಳಿದಿರುತ್ತದೆ. ಅದು ಕಾಲೇಜಿನ ಇಂಟರ್ನಲ್ಸ್‌ಗೆ ಆದೀತು, ಈ ಪರೀಕ್ಷೆಗೆ ಆಗದು.

ಇನ್ನು ಹೆಚ್ಚಿನವರು ಕಣ್ಣು ಹಾಯಿಸಿ ಬಿಟ್ಟುಬಿಡುವ ಭಾಗ: ಪ್ರತಿ ಸಾಲಿನ ಮೊದಲ ಪದ. 'ಕಾನ್ಫಿಗರ್ ಅಂಡ್ ವೆರಿಫೈ' ಎಂದಿದ್ದರೆ ಕಮ್ಯಾಂಡ್ ಕೈಯಲ್ಲಿ ಬರಬೇಕು, ಏಕೆಂದರೆ ಪರೀಕ್ಷೆಯಲ್ಲಿ ಲ್ಯಾಬ್ ಪ್ರಶ್ನೆಗಳೂ ಬರುತ್ತವೆ. 'ಡಿಸ್ಕ್ರೈಬ್' ಎಂದಿದ್ದರೆ ಅರ್ಥವಾಗಿದ್ದರೆ ಸಾಕು. 'ಇಂಟರ್‌ಪ್ರೆಟ್' ಎಂದಿದ್ದರೆ ಕೊಟ್ಟ ಔಟ್‌ಪುಟ್ ಓದಿ ಏನಾಗಿದೆ ಎಂದು ಹೇಳಬೇಕು. ಒಂದೇ ಏರಿಯಾದ ಓಎಸ್‌ಪಿಎಫ್ (ರೌಟರ್‌ಗಳು ಪರಸ್ಪರ ದಾರಿ ತಿಳಿದುಕೊಳ್ಳುವ ಪ್ರೋಟೋಕಾಲ್), ವಿಲ್ಯಾನ್, ಟ್ರಂಕ್, ಈಥರ್‌ಚಾನಲ್, ಸ್ಟ್ಯಾಟಿಕ್ ರೂಟ್, ನ್ಯಾಟ್ (ಐಪಿ ವಿಳಾಸ ಬದಲಿಸುವುದು), ಎಸಿಎಲ್ (ಟ್ರಾಫಿಕ್ ಸೋಸುವ ನಿಯಮಗಳು), ಡಿಎಚ್‌ಸಿಪಿ ಸ್ನೂಪಿಂಗ್ (ಐಪಿ ಹಂಚುವ ನಕಲಿ ಸರ್ವರುಗಳನ್ನು ಸ್ವಿಚ್ ತಡೆಯುವುದು) ಇವೆಲ್ಲ ಮೊದಲ ಗುಂಪಿನವು. ಎಚ್‌ಎಸ್‌ಆರ್‌ಪಿಯಂಥ ಗೇಟ್‌ವೇ ರಿಡಂಡನ್ಸಿ (ಒಂದು ಗೇಟ್‌ವೇ ಕೆಟ್ಟರೆ ಇನ್ನೊಂದು) 'ಡಿಸ್ಕ್ರೈಬ್' ಗುಂಪಿಗೆ ಸೇರುತ್ತದೆ. ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಲೂಪ್ ತಡೆಯುವುದು) 'ಇಂಟರ್‌ಪ್ರೆಟ್'. ಮೂರು ಬಣ್ಣದ ಪೆನ್ ತೆಗೆದುಕೊಂಡು ಪಟ್ಟಿಗೆ ಗುರುತು ಹಾಕಿ. ಆಗ ಯಾವ ಅಧ್ಯಾಯಕ್ಕೆ ಲ್ಯಾಬ್ ಬೇಕು, ಯಾವುದನ್ನು ಎರಡು ಸಲ ಓದಿದರೆ ಸಾಕು ಎಂಬುದು ಪುಸ್ತಕ ಕೊಳ್ಳುವ ಮೊದಲೇ ಗೊತ್ತಾಗುತ್ತದೆ.

ಈಗ ಪುಸ್ತಕವನ್ನು ಅಂಗಡಿಯಲ್ಲೇ ನಿಂತು ಪರೀಕ್ಷಿಸುವ ಕ್ರಮ. ಮೂರು ಕಡೆ ತೆರೆದರೆ ಸಾಕು.

ಮೊದಲನೆಯದು ಓಎಸ್‌ಪಿಎಫ್ ಅಧ್ಯಾಯ. 'ಓಎಸ್‌ಪಿಎಫ್ ಒಂದು ಲಿಂಕ್ ಸ್ಟೇಟ್ ಪ್ರೋಟೋಕಾಲ್' ಎಂದು ಶುರುಮಾಡಿ ಅನುಕೂಲ, ಅನಾನುಕೂಲಗಳ ಪಟ್ಟಿಯಲ್ಲಿ ಮುಗಿದಿದ್ದರೆ ಪುಸ್ತಕ ಕೆಳಗಿಡಿ. 'ಶೋ ಐಪಿ ಓಎಸ್‌ಪಿಎಫ್ ನೇಬರ್' ಕಮ್ಯಾಂಡಿನ ಔಟ್‌ಪುಟ್ ಅಚ್ಚಾಗಿರಬೇಕು. ಅದರಲ್ಲಿ ಒಂದು ನೇಬರ್ 'ಫುಲ್' (ಮಾಹಿತಿ ಪೂರ್ತಿ ಹಂಚಿಕೊಂಡ ಸ್ಥಿತಿ) ಇದ್ದು ಇನ್ನೊಂದು 'ಟೂ-ವೇ'ಯಲ್ಲೇ ಏಕೆ ನಿಂತಿದೆ ಎಂಬುದಕ್ಕೆ ಉತ್ತರ ಇರಬೇಕು. ಈಥರ್‌ನೆಟ್ಟಿನಲ್ಲಿ ಡಿಆರ್, ಬಿಡಿಆರ್ (ಆ ಜಾಲದ ಮುಖ್ಯ ಮತ್ತು ಬದಲಿ ರೌಟರ್) ಎರಡೂ ಅಲ್ಲದ ಎರಡು ರೌಟರ್‌ಗಳು ಪರಸ್ಪರ ಟೂ-ವೇಯಲ್ಲೇ ನಿಲ್ಲುವುದು ಸಹಜ, ಅದು ದೋಷವಲ್ಲ. ನೇಬರ್ ಆಗದಿರಲು ಕಾರಣಗಳನ್ನು ಬಿಡಿಸಿ ಹೇಳಿರಬೇಕು: ಏರಿಯಾ ಬೇರೆ, ಸಬ್‌ನೆಟ್ ಬೇರೆ, ಹಲೋ-ಡೆಡ್ ಟೈಮರ್ ಬೇರೆ (ಈಥರ್‌ನೆಟ್ಟಿನಲ್ಲಿ ಮಾಮೂಲಾಗಿ 10 ಮತ್ತು 40 ಸೆಕೆಂಡ್), ಎರಡು ಕಡೆಯೂ ಒಂದೇ ರೌಟರ್ ಐಡಿ, ಇಂಟರ್‌ಫೇಸನ್ನು ಪ್ಯಾಸಿವ್ ಮಾಡಿಟ್ಟದ್ದು. ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಹೊಂದದಿದ್ದರೆ ಎಕ್ಸ್‌ಸ್ಟಾರ್ಟ್, ಎಕ್ಸ್‌ಚೇಂಜ್ ಹಂತದಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೂ ಒಳ್ಳೆಯ ಪುಸ್ತಕವಾದರೆ ಇದೂ ಇರುತ್ತದೆ: ಒಂದು ಕಡೆ ಬ್ರಾಡ್‌ಕಾಸ್ಟ್, ಇನ್ನೊಂದು ಕಡೆ ಪಾಯಿಂಟ್-ಟು-ಪಾಯಿಂಟ್ ಎಂದು ನೆಟ್‌ವರ್ಕ್ ಟೈಪ್ ಹಾಕಿದ್ದರೆ ನೇಬರ್ 'ಫುಲ್' ಎಂದೇ ತೋರಿಸುತ್ತದೆ, ಆದರೆ ರೌಟಿಂಗ್ ಟೇಬಲ್ಲಿಗೆ ರೂಟ್ ಬರುವುದಿಲ್ಲ. ಗೈಡ್ ಬರೆದವರು ರೌಟರ್ ಮುಟ್ಟಿದ್ದಾರೋ ಇಲ್ಲವೋ ಎಂಬುದು ಇಂಥ ಕಡೆ ತಿಳಿಯುತ್ತದೆ.

ಎರಡನೆಯದು, ರೌಟರ್ ದಾರಿ ಆರಿಸುವ ಬಗೆ. ರೌಟಿಂಗ್ ಟೇಬಲ್ಲಿನಲ್ಲಿ ಮೂರು ರೂಟ್ ಇವೆ ಎನ್ನಿ: 10.1.0.0/16 ಸ್ಟ್ಯಾಟಿಕ್, 10.1.1.0/24 ಓಎಸ್‌ಪಿಎಫ್, 10.1.1.128/25 ಆರ್‌ಐಪಿ. 10.1.1.200ಕ್ಕೆ ಹೋಗುವ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ? ಆರ್‌ಐಪಿಯದು. ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ರೂಟಿನ ಮೂಲವನ್ನು ಎಷ್ಟು ನಂಬಬೇಕು ಎಂಬ ಸಂಖ್ಯೆ, ಕಡಿಮೆಯಾದಷ್ಟೂ ಮೇಲು) ಸ್ಟ್ಯಾಟಿಕ್‌ಗೆ 1, ಓಎಸ್‌ಪಿಎಫ್‌ಗೆ 110, ಆರ್‌ಐಪಿಗೆ 120 ಇದ್ದರೂ ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಪ್ಯಾಕೆಟ್ ಕಳಿಸುವಾಗ ಅತಿ ಉದ್ದದ ಪ್ರಿಫಿಕ್ಸ್ (ಇಲ್ಲಿ /25) ಗೆಲ್ಲುತ್ತದೆ. ಅದೇ ಪ್ರಿಫಿಕ್ಸ್, ಅದೇ ಉದ್ದದ ರೂಟ್ ಎರಡು ಮೂಲಗಳಿಂದ ಬಂದಾಗ ಯಾವುದನ್ನು ಟೇಬಲ್ಲಿಗೆ ಹಾಕಬೇಕು ಎಂಬುದಕ್ಕಷ್ಟೇ ಡಿಸ್ಟೆನ್ಸ್. ಕಳಪೆ ಗೈಡುಗಳು ಡಿಸ್ಟೆನ್ಸಿನ ಕೋಷ್ಟಕ ಕೊಟ್ಟು 'ಕಡಿಮೆ ಇದ್ದದ್ದು ಗೆಲ್ಲುತ್ತದೆ' ಎಂದು ಕೈತೊಳೆದುಕೊಳ್ಳುತ್ತವೆ. ಅದನ್ನು ಬಾಯಿಪಾಠ ಮಾಡಿ ಹೋದವರು ಈ ಬಗೆಯ ಪ್ರಶ್ನೆಗೆ ಪೂರ್ತಿ ಭರವಸೆಯಿಂದ ತಪ್ಪು ಉತ್ತರ ಒತ್ತಿ ಬರುತ್ತಾರೆ.

ಮೂರನೆಯದು ಡಿಎಚ್‌ಸಿಪಿ ಸ್ನೂಪಿಂಗ್. ಕಮ್ಯಾಂಡ್ ಸಾಲುಗಳು ಎಲ್ಲ ಪುಸ್ತಕದಲ್ಲೂ ಇರುತ್ತವೆ. ಎಲ್ಲಿ ಕೆಡುತ್ತದೆ ಎಂದು ಬರೆದಿದೆಯೇ ನೋಡಿ. ಸರ್ವರ್ ಇರುವ ದಿಕ್ಕಿನ ಪೋರ್ಟನ್ನು ಟ್ರಸ್ಟ್ ಮಾಡಲು ಮರೆತರೆ ಸರ್ವರಿನಿಂದ ಬರುವ ಆಫರ್ ಅಲ್ಲೇ ಬಿದ್ದುಹೋಗುತ್ತದೆ, ಯಾರಿಗೂ ಐಪಿ ಸಿಗುವುದಿಲ್ಲ. ಅದು ಸರಿ ಇದ್ದೂ ಐಪಿ ಬರದಿದ್ದರೆ, ಸ್ವಿಚ್ ತಾನಾಗಿ ಸೇರಿಸುವ ಆಪ್ಷನ್ 82 (ಕೋರಿಕೆ ಯಾವ ಪೋರ್ಟಿನಿಂದ ಬಂತು ಎಂಬ ಮಾಹಿತಿ) ಕಾರಣವಿರಬಹುದು. ಸಿಸ್ಕೋ ರೌಟರನ್ನೇ ಡಿಎಚ್‌ಸಿಪಿ ಸರ್ವರ್ ಮಾಡಿದ ಲ್ಯಾಬ್‌ಗಳಲ್ಲಿ ಇದು ಕಾಡುತ್ತದೆ. 'ನೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಇನ್ಫರ್ಮೇಷನ್ ಆಪ್ಷನ್' ಎಂದು ಕೊಟ್ಟರೆ ಸರಿಹೋಗುತ್ತದೆ. ಈ ಸಾಲು ಇಲ್ಲದ ಗೈಡ್ ಹಿಡಿದು ಲ್ಯಾಬ್ ಮಾಡುವವರು ಅರ್ಧ ದಿನ ತಲೆ ಕೆಡಿಸಿಕೊಂಡು, ಕೊನೆಗೆ ತಮಗೆ ಈ ವಿದ್ಯೆಯೇ ಹತ್ತುವುದಿಲ್ಲ ಎಂದುಕೊಳ್ಳುತ್ತಾರೆ. ಬೇಸರದ ಸಂಗತಿಯೆಂದರೆ ತಪ್ಪು ಅವರದಾಗಿರುವುದಿಲ್ಲ.

ಇನ್ನು ನಿಮ್ಮ ಮೂರು ಪುಸ್ತಕಗಳಿಗೆ ಬರೋಣ.

ಸೀನಿಯರ್ ಕೊಟ್ಟದ್ದು ಸಿಸಿಎನ್‌ಎಯ ಹಿಂದಿನ ಪರೀಕ್ಷೆ 200-125ರ ಕಾಲದ್ದು. ಅದರಲ್ಲಿನ ಇಐಜಿಆರ್‌ಪಿ, ಪಿಪಿಪಿ, ಜಿಆರ್‌ಇ ಟನಲ್, ಬಿಜಿಪಿ, ಎಚ್‌ಎಸ್‌ಆರ್‌ಪಿ ಕಾನ್ಫಿಗರೇಷನ್ ಈಗ ಬೇಡ. ವೈರ್‌ಲೆಸ್ ಲ್ಯಾನ್ ಕಂಟ್ರೋಲರ್ ಕೆಲಸ, ಡೈನಾಮಿಕ್ ಎಆರ್‌ಪಿ ಇನ್ಸ್‌ಪೆಕ್ಷನ್, ಜೇಸನ್, ರೆಸ್ಟ್ ಎಪಿಐ, ಆನ್ಸಿಬಲ್ ಬೇಕು, ಅದರಲ್ಲಿ ಸಿಗುವುದಿಲ್ಲ. ಆದರೂ ಎಸೆಯಬೇಡಿ. ಸಬ್‌ನೆಟಿಂಗ್, ವಿಲ್ಯಾನ್, ಸ್ಟ್ಯಾಟಿಕ್ ರೂಟ್, ಎಸಿಎಲ್ ಅಧ್ಯಾಯಗಳು ಇವತ್ತಿಗೂ ಸಲ್ಲುತ್ತವೆ, ಅಭ್ಯಾಸದ ಲೆಕ್ಕಗಳಿಗೆ ಇಟ್ಟುಕೊಳ್ಳಿ. 172.16.45.77/20 ಯಾವ ಸಬ್‌ನೆಟ್ಟಿಗೆ ಸೇರುತ್ತದೆ ಎಂದರೆ ಪೆನ್ ಹಿಡಿಯದೆ 172.16.32.0, ಬ್ರಾಡ್‌ಕಾಸ್ಟ್ 172.16.47.255 ಎಂದು ಅರ್ಧ ನಿಮಿಷದೊಳಗೆ ಬರುವವರೆಗೆ ಅದನ್ನೇ ತಿರುವಿಹಾಕಿ.

ತೆಳ್ಳನೆಯ ಪುಸ್ತಕ ಮೇಲಿನ ಮೂರೂ ಪರೀಕ್ಷೆ ದಾಟಿದರೆ ಕೊನೆಯ ಎರಡು ವಾರದ ಪುನರಾವರ್ತನೆಗೆ ಇರಲಿ. ದಾಟದಿದ್ದರೆ ಅದಕ್ಕೆ ಕೊಡುವ ದುಡ್ಡೂ ದಂಡ.

ಕೊಳ್ಳಬೇಕಾದದ್ದು ಅಧಿಕೃತ ಗೈಡೇ, 2024ರ ಎರಡನೇ ಆವೃತ್ತಿ, ಎರಡೂ ಸಂಪುಟ. ಒಂದೇ ಸಂಪುಟ ಕೊಂಡು 'ಇನ್ನೊಂದನ್ನು ಆಮೇಲೆ ನೋಡೋಣ' ಎನ್ನುವವರು ಎರಡನೆಯದನ್ನು ಕೊನೆಗೂ ತರುವುದಿಲ್ಲ. ನಾಲ್ಕು ಗೆಳೆಯರು ಸೇರಿ ಒಂದು ಜೊತೆ ಕೊಂಡರೂ ನಡೆಯುತ್ತದೆ. ಆದರೆ ಎಚ್ಚರ: ಅದು ಪಟ್ಟಿಗಿಂತ ಆಳಕ್ಕೆ ಹೋಗುತ್ತದೆ. ಮೊದಲ ಪುಟದಿಂದ ಕಾದಂಬರಿಯಂತೆ ಓದಲು ಕೂತವರು ಎಂಟನೇ ಅಧ್ಯಾಯಕ್ಕೆ ಸುಸ್ತಾಗುತ್ತಾರೆ. ಅಧ್ಯಾಯಗಳ ಆರಂಭದಲ್ಲಿರುವ ಸಣ್ಣ ಕ್ವಿಜ್ ಮೊದಲು ಮಾಡಿ. ಒಂದೋ ಎರಡೋ ತಪ್ಪಿದರೆ ತಪ್ಪಿದ ಭಾಗ ಮಾತ್ರ, ಹೆಚ್ಚು ತಪ್ಪಿದರೆ ಇಡೀ ಅಧ್ಯಾಯ ಓದಿ. ಮೊದಲ ಬಣ್ಣ ಬಳಿದ ವಿಷಯವಾದರೆ ಅದೇ ದಿನ ಲ್ಯಾಬ್ ಮಾಡಿ, ನಾಳೆಗೆ ಬಿಡಬೇಡಿ. ಲ್ಯಾಬ್ ಕೆಲಸ ಮಾಡಿದ ಮೇಲೆ ಬೇಕೆಂದೇ ಒಂದು ಕಡೆ ಕೆಡಿಸಿ: ಟ್ರಂಕಿನ ಒಂದು ತುದಿಯಲ್ಲಿ ನೇಟಿವ್ ವಿಲ್ಯಾನ್ ಬದಲಿಸಿ, ಏರಿಯಾ ಸಂಖ್ಯೆ ತಪ್ಪಿಸಿ, ಎಸಿಎಲ್ ಸಾಲುಗಳನ್ನು ಹಿಂದುಮುಂದು ಮಾಡಿ. ಶೋ ಕಮ್ಯಾಂಡಿನಲ್ಲಿ ಏನು ಬದಲಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪ್ರಶ್ನೆ: ಡಂಪ್ಸ್ ಓದಿದರೆ ಸಾಕು, ಗೈಡ್ ಬೇಡ ಎಂದು ಕೋಚಿಂಗ್ ಸೆಂಟರಿನಲ್ಲಿ ಹೇಳುತ್ತಾರೆ. ನೂರಕ್ಕೆ ನೂರು ಪಾಸ್ ಗ್ಯಾರಂಟಿಯಂತೆ. (ಹುಬ್ಬಳ್ಳಿ)

ಆ ಸೆಂಟರಿಗೆ ಹೋಗುವುದನ್ನು ಇವತ್ತೇ ನಿಲ್ಲಿಸಿ. ಡಂಪ್ಸ್ ಎಂದರೆ ಕದ್ದ ಪ್ರಶ್ನೆಗಳು. ಪರೀಕ್ಷೆಗೆ ಕೂರುವ ಮೊದಲು ಗೋಪ್ಯತೆಯ ಕರಾರನ್ನು ಒಪ್ಪಿರುತ್ತೀರಿ. ಮುರಿದದ್ದು ಸಿಕ್ಕಿಬಿದ್ದರೆ ಫಲಿತಾಂಶ ರದ್ದು, ಸರ್ಟಿಫಿಕೇಟ್ ವಾಪಸ್, ಮುಂದಿನ ಪರೀಕ್ಷೆಗಳಿಗೂ ನಿಷೇಧ ಬೀಳಬಹುದು. ಗ್ಯಾರಂಟಿ ಕೊಟ್ಟವರಿಗೆ ಏನೂ ಆಗುವುದಿಲ್ಲ, ಹೋಗುವುದು ನಿಮ್ಮ ಹೆಸರು. ಮೇಲಾಗಿ ಅವುಗಳಲ್ಲಿನ ಉತ್ತರಗಳು ಎಷ್ಟೋ ಕಡೆ ತಪ್ಪು, ಸರಿಪಡಿಸುವವರು ಯಾರೂ ಇಲ್ಲ. ಇಂಟರ್‌ವ್ಯೂನಲ್ಲಿ 'ಈ ಪೋರ್ಟ್ ಎರ್-ಡಿಸೇಬಲ್ಡ್ ಆಗಿದೆ (ದೋಷ ಕಂಡು ಸ್ವಿಚ್ಚೇ ಮುಚ್ಚಿದೆ), ಏನು ಮಾಡುತ್ತೀರಿ' ಎಂದು ಕೇಳಿದಾಗ ಡಂಪ್ಸ್ ಓದಿದವರು ಮೊದಲ ನಿಮಿಷದಲ್ಲೇ ಗೊತ್ತಾಗುತ್ತಾರೆ. ನಿಮ್ಮ ಬದಲು ಬೇರೆಯವರನ್ನು ಕೂರಿಸುತ್ತೇವೆ ಎನ್ನುವವರೂ ಇದ್ದಾರೆ. ಅದು ಸೀದಾ ವಂಚನೆ, ಅದರ ಬಗ್ಗೆ ನನ್ನಲ್ಲಿ ಸಲಹೆ ಕೇಳಬೇಡಿ.

ಪ್ರಶ್ನೆ: ಪಾಸಾಗಲು 825 ಅಂಕ ಬೇಕು ಅನ್ನುತ್ತಾರೆ, ನಿಜವೇ?

ಸಿಸ್ಕೋ ಪಾಸಿನ ಅಂಕ ಪ್ರಕಟಿಸುವುದಿಲ್ಲ. ಕೇಳಿದ ಸಂಖ್ಯೆಯನ್ನು ಮರೆತು ಓದಿ.

ಪ್ರಶ್ನೆ: ಅಭ್ಯಾಸಕ್ಕೆ ಹಳೆಯ ರೌಟರ್, ಸ್ವಿಚ್ ಕೊಳ್ಳಬೇಕೇ?

ಬೇಡ. ಸಿಸ್ಕೋದ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರ್ ಪುಕ್ಕಟೆ, ಈ ಮಟ್ಟಕ್ಕೆ ಬಹುಪಾಲು ಸಾಕು.

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮ. ಕನ್ನಡದಲ್ಲಿ ಗೈಡ್ ಇದ್ದರೆ ತಿಳಿಸಿ. (ರಾಯಚೂರು)

ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬೇಕು, ಆದ್ದರಿಂದ ಮುಖ್ಯ ಗೈಡ್ ಇಂಗ್ಲಿಷಿನದೇ ಇರಲಿ. ಒಂದು ವಿಷಯವನ್ನು ಕನ್ನಡದಲ್ಲಿ ಯಾರಾದರೂ ವಿವರಿಸಿದ್ದರೆ ಧಾರಾಳವಾಗಿ ಕೇಳಿ, ಅರ್ಥ ಮೊದಲು ಆಗಬೇಕಾದ್ದು ನಿಮ್ಮ ಭಾಷೆಯಲ್ಲೇ. ನಿಮ್ಮ ನೋಟ್ಸನ್ನೂ ಕನ್ನಡದಲ್ಲೇ ಬರೆಯಿರಿ, ಕಮ್ಯಾಂಡ್‌ಗಳನ್ನು ಮಾತ್ರ ಇದ್ದಹಾಗೆ ಇಡಿ. ಕನ್ನಡ ಮಾಧ್ಯಮದವರು ಎಡವುವುದು ವಿಷಯದಲ್ಲಲ್ಲ, ಪ್ರಶ್ನೆಯ ವಾಕ್ಯದಲ್ಲಿ. 'ಎರಡನ್ನು ಆರಿಸಿ' ಎಂದಿದ್ದನ್ನು ಗಮನಿಸದಿರುವುದು, 'ನಾಟ್' ಎಂಬ ಒಂದು ಪದ ತಪ್ಪಿಹೋಗುವುದು, ಉದ್ದದ ವಾಕ್ಯದ ಕೊನೆಯಲ್ಲಿರುವ ಷರತ್ತನ್ನು ಬಿಡುವುದು. ಇಲ್ಲಿ ಹಿಂದಿನ ಪ್ರಶ್ನೆಗೆ ಮರಳಲು ಆಗುವುದಿಲ್ಲ, ಒತ್ತಿ ಮುಂದೆ ಹೋದರೆ ಮುಗಿಯಿತು. ಒಟ್ಟು 120 ನಿಮಿಷ. ಹಾಗಾಗಿ ದಿನಕ್ಕೆ ಹತ್ತು ಅಭ್ಯಾಸ ಪ್ರಶ್ನೆಗಳನ್ನು ಉತ್ತರ ನೋಡದೆ ಗಟ್ಟಿಯಾಗಿ ಓದಿ, ಏನು ಕೇಳಿದ್ದಾರೆ ಎಂಬುದನ್ನು ಕನ್ನಡದ ಒಂದು ಸಾಲಿನಲ್ಲಿ ಬರೆಯಿರಿ. ಆಮೇಲೆ ಉತ್ತರಕ್ಕೆ ಕೈಹಾಕಿ.

ಪ್ರಶ್ನೆ: ಒಂದು ತಿಂಗಳಲ್ಲಿ ಮುಗಿಸಬಹುದೇ?

ಈಗಾಗಲೇ ನೆಟ್‌ವರ್ಕ್ ಕೆಲಸದಲ್ಲಿದ್ದರೆ ನೋಡಬಹುದು, ಹೊಸಬರಾದರೆ ಆಗದು.

ಪ್ರಶ್ನೆ: ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಇನಿಶಿಯಲ್ ಮಾತ್ರ ಇದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿದೆ. ಪರೀಕ್ಷೆಗೆ ಯಾವ ಹೆಸರಲ್ಲಿ ನೋಂದಾಯಿಸಲಿ? (ಮಂಗಳೂರು)

ಕೇಂದ್ರಕ್ಕೆ ಒಯ್ಯುವ ಸರ್ಕಾರಿ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆ. ಮಾರ್ಕ್ಸ್ ಕಾರ್ಡ್ ಇಲ್ಲಿ ಲೆಕ್ಕಕ್ಕಿಲ್ಲ. ಹೆಸರು ಹೊಂದದಿದ್ದರೆ ಒಳಗೆ ಬಿಡದೆ ಕಳಿಸಬಹುದು, ಶುಲ್ಕವೂ ಹೋಗಬಹುದು. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯ ಖಾತೆಯಲ್ಲಿ ಹೆಸರು ತಪ್ಪಾಗಿದ್ದರೆ ಸ್ಲಾಟ್ ಬುಕ್ ಮಾಡುವ ಮೊದಲೇ ಸರಿಮಾಡಿಸಿಕೊಳ್ಳಿ.