ಡಿ ಮಾತ್ರೆ ಹಾರ್ಟ್ ಅಟ್ಯಾಕ್ ತಪ್ಪಿಸುತ್ತಾ?

ಅಪ್ಪನ ವಿಟಮಿನ್ ಡಿ 14 ಬಂದಿದೆ, ಮಾತ್ರೆ ಕೊಟ್ಟರೆ ಹಾರ್ಟ್ ಅಟ್ಯಾಕ್ ತಪ್ಪುತ್ತಾ ಅಂತ ಕೇಳಿದ್ದೀರಿ. 14 ಕಡಿಮೆಯೇ. ಡಾಕ್ಟರ್ ಬರೆದಷ್ಟು ಕೊಡಿ, ಮೂಳೆಗೆ ಒಳ್ಳೆಯದು. ಹೃದಯಕ್ಕೆ ಅಂತ ಮಾತ್ರ ಅದನ್ನೇ ನಂಬಿ ಕೂರಬೇಡಿ. ಡಿ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುವುದು ನಿಜ. ಆದರೆ ಡಿ ಸಿಗುವುದು ಬಿಸಿಲಿನಿಂದ, ಹುಷಾರಿಲ್ಲದವರು ಬಿಸಿಲಿಗೆ ಹೋಗುವುದೇ ಕಡಿಮೆ ಅಲ್ವಾ? ಹಾಗಾಗಿ ಕಾಯಿಲೆಯಿಂದಲೇ ಡಿ ಇಳಿದಿರಬಹುದು. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರಿದ್ದರು. ಅರ್ಧದಷ್ಟು ಮಂದಿಗೆ ದಿನಕ್ಕೆ 2,000 ಯೂನಿಟ್ ಡಿ, ಉಳಿದವರಿಗೆ ಸುಮ್ನೆ ಔಷಧಿ ಇಲ್ಲದ ಮಾತ್ರೆ. ಐದು ವರ್ಷ ನೋಡಿದರೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಇಳಿಯಲಿಲ್ಲ. 2018ರಲ್ಲೇ ಬಂದ ಫಲಿತಾಂಶ ಇದು. (ಅಲ್ಲಿ ಹೆಚ್ಚಿನವರಿಗೆ ಕೊರತೆ ಇರಲಿಲ್ಲ ಅನ್ನುವುದೂ ನೆನಪಿರಲಿ.) ಇನ್ನೊಂದು: ವಾರಕ್ಕೊಂದು ಅಂತ ಕೊಡುವ 60,000 ಯೂನಿಟ್ ಮಾತ್ರೆಯನ್ನು ತಪ್ಪಿ ದಿನಾ ನುಂಗಿಸಬೇಡಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗಬಹುದು. ಹೃದಯದ ಚಿಂತೆ ಇದ್ದರೆ ನೋಡಬೇಕಾದ್ದು ಬಿಪಿ, ಶುಗರ್. ಅಪ್ಪನದ್ದು ಯಾವಾಗ ನೋಡಿಸಿದ್ದು?