ಗೌರಮ್ಮನವರ ಎರಡು ಕಾಗದ

ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಲಹಾ ಕೇಂದ್ರದಲ್ಲಿ ಕೆಲಸ ಮಾಡುವ ನನ್ನ ಬಳಿಗೆ, ಬಳಸಿದ ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿ ಬರುವುದು ಹೊಸದೇನಲ್ಲ. ಸ್ಟಾಫ್ ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್ನರು, ತರಬೇತಿಯಲ್ಲಿರುವ ವಿದ್ಯಾರ್ಥಿಗಳು ಹೆಚ್ಚಾಗಿ ಅದೇ ದಿನ ಬರುತ್ತಾರೆ. ತೀರಾ ತಡವಾಗಿ ಬರುವವರು, ಎಷ್ಟೋ ಸಲ ಬಾರದೆಯೇ ಉಳಿಯುವವರು, ವಾರ್ಡಿನ ಕಸ ಎತ್ತುವ ಗುತ್ತಿಗೆ ಕೆಲಸದವರು. ಅಂಥ ಒಬ್ಬರ ಪ್ರಕರಣ ನನ್ನನ್ನು ಬಹಳ ದಿನ ಕಾಡಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಗೌರಮ್ಮ ಎಂದು ಕರೆಯುತ್ತೇನೆ.

ವಯಸ್ಸು ನಲವತ್ತರ ಆಸುಪಾಸು, ಗಂಡ ಲಾರಿ ಲೋಡಿಂಗ್ ಕೆಲಸದವರು, ಇಬ್ಬರು ಮಕ್ಕಳು. ಖಾಸಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದ ಅವರು ಒಂದು ಗುರುವಾರ ಬೆಳಿಗ್ಗೆ ನನ್ನ ಕೋಣೆಗೆ ಬಂದು, ಸೆರಗಿನ ಗಂಟು ಬಿಚ್ಚಿ, ಎಲೆ ಅಡಿಕೆಯ ಜೊತೆ ಇಟ್ಟುಕೊಳ್ಳುವ ಸುಣ್ಣದ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟರು. ಅದರೊಳಗೆ ಚುಚ್ಚಿದ ಸೂಜಿಯೇ ಇತ್ತು. ಅದನ್ನು ಪರೀಕ್ಷೆ ಮಾಡಿ, ಯಾವ ರೋಗಿಯದೆಂದು ಹೇಳಬೇಕು ಎಂಬುದು ಅವರ ಕೋರಿಕೆ. ಸೂಜಿಯನ್ನು ಪರೀಕ್ಷೆಗೆ ಕಳಿಸುವ ಪದ್ಧತಿ ಇಲ್ಲ, ಅದರಿಂದ ನಂಬುವಂಥ ಉತ್ತರ ಸಿಗುವುದಿಲ್ಲ ಎಂದು ಹೇಳಿ, ಅದನ್ನು ಬಳಸಿದ ಸೂಜಿಗಳಿಗೆಂದೇ ಇರುವ ನಮ್ಮ ಬಿಳಿ ಡಬ್ಬಿಗೆ ಹಾಕಿಸಿದೆ.

ನಾನು ಕೇಳಿದ ಮೊದಲ ಪ್ರಶ್ನೆ, ಎಷ್ಟು ಗಂಟೆಗೆ ಚುಚ್ಚಿತು ಎಂಬುದು. ಅವರಿಗೆ ಗಂಟೆ ಗೊತ್ತಿರಲಿಲ್ಲ. ಸೋಮವಾರ ರಾತ್ರಿ ಊಟದ ಟ್ರಾಲಿ ವಾರ್ಡಿಗೆ ಬಂದು ಹೋದ ಮೇಲೆ ಎಂದರು. ಟ್ರಾಲಿಯ ಲೆಕ್ಕ ಹಿಡಿದು ನೋಡಿದರೆ ಅರವತ್ತು ಗಂಟೆ ಕಳೆದಿತ್ತು. ಎಚ್‌ಐವಿ ತಡೆಯುವ ಔಷಧಿಯನ್ನು 2 ಗಂಟೆಯೊಳಗೆ ಆರಂಭಿಸಿದರೆ ಉತ್ತಮ, 72 ಗಂಟೆ ದಾಟಿದ ಮೇಲೆ ಆರಂಭಿಸಿ ಪ್ರಯೋಜನವಿಲ್ಲ. ಆದ್ದರಿಂದ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ ಅವರನ್ನು ನೇರವಾಗಿ ವೈದ್ಯರ ಬಳಿ ಕರೆದುಕೊಂಡು ಹೋದೆ. ಸೂಜಿ ಯಾರದೆಂದು ತಿಳಿಯದ ಕಾರಣ ವೈದ್ಯರು 28 ದಿನದ ಮಾತ್ರೆ ಬರೆದರು, ರಕ್ತದ ಮೊದಲ ಪರೀಕ್ಷೆ ಮಾಡಿಸಿದರು, ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನೂ ಅಂದೇ ಕೊಡಿಸಿದರು. ಆರು ವರ್ಷ ಆಸ್ಪತ್ರೆಯ ಕಸ ಎತ್ತಿದ ಆ ಹೆಂಗಸಿಗೆ ಅದು ಮೊದಲ ಡೋಸ್ ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹನ್ನೊಂದನೆಯ ದಿನ ಅವರು ಮತ್ತೆ ಬಂದು, ಮಾತ್ರೆಯ ಡಬ್ಬಿಯನ್ನು ನನ್ನ ಮುಂದೆ ಇಟ್ಟು, "ಸಾಕು ಮೇಡಂ, ಇನ್ನು ನಾನು ನುಂಗಾಕಿಲ್ಲ" ಎಂದರು. ಹೊಟ್ಟೆ ತೊಳೆಸುವುದು, ನಿದ್ದೆ ಬಾರದಿರುವುದು ಈ ಮಾತ್ರೆಯಲ್ಲಿ ಕೆಲವರಿಗೆ ಆಗುವಂಥದ್ದು. ಅದೇ ಇರಬೇಕೆಂದುಕೊಂಡು, ಊಟದ ನಂತರ ತೆಗೆದುಕೊಳ್ಳಿ, ಕೆಲವು ದಿನಗಳಲ್ಲಿ ಒಗ್ಗುತ್ತದೆ ಎಂದು ವಿವರಿಸತೊಡಗಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು ಹೇಳಿದರು: "ಹೊಟ್ಟೆ ತೊಳ್ಸೋದಲ್ಲ ಮೇಡಂ. ಮಾತ್ರೆ ಬಾಯಿಗೆ ಇಟ್ಕೊಂಡಾಗೆಲ್ಲಾ ಆ ಕಾಗದ ನೆಪ್ಪಾಯ್ತದೆ. ಚುಚ್ಚಿಸ್ಕೊಂಡೋಳೂ ನಾನೇ, ತಪ್ಪು ಮಾಡ್ದೋಳೂ ನಾನೇ ಅಂತ ಹೆಬ್ಬೆಟ್ಟು ಒತ್ತಿ ಬಂದಿವ್ನಿ."

ಆ ಕಾಗದದ ವಿಷಯ ನನಗೆ ಆವರೆಗೆ ಗೊತ್ತಿರಲಿಲ್ಲ. ಚುಚ್ಚಿದ ಮಾರನೆಯ ಬೆಳಿಗ್ಗೆ ಗುತ್ತಿಗೆದಾರರ ಸೂಪರ್‌ವೈಸರ್ ಅವರನ್ನು ಕರೆಸಿ, ನನ್ನ ಅಜಾಗರೂಕತೆಯಿಂದಲೇ ಗಾಯವಾಯಿತು ಎಂಬ ಹೇಳಿಕೆಗೆ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರು. ಮಾತ್ರೆ ತೆಗೆದುಕೊಂಡರೆ ರೋಗ ಇದೆ ಎಂದು ಒಪ್ಪಿಕೊಂಡ ಹಾಗೆ ಎಂಬ ಮಾತನ್ನೂ ಸೇರಿಸಿದ್ದರು. ಎರಡೂವರೆ ದಿನ ತಡವಾಗಲು ಕಾರಣ ಗೌರಮ್ಮನವರ ತಿಳಿವಳಿಕೆಯ ಕೊರತೆ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅದು ನನ್ನ ತಪ್ಪು.

ಮಾತ್ರೆಯ ವಿಷಯ ಬಿಟ್ಟು ಬಿಳಿ ಹಾಳೆಯೊಂದನ್ನು ತೆಗೆದೆ. ಅಂದು ಆದದ್ದನ್ನು ನೀವು ಹೇಳಿ, ನಾನು ಬರೆಯುತ್ತೇನೆ, ನಿಮ್ಮ ಮಾತಿಗೆ ಒಂದು ಮಾತನ್ನೂ ಸೇರಿಸುವುದಿಲ್ಲ ಎಂದೆ. ಅವರು ನಿಧಾನವಾಗಿ ಹೇಳಿದರು. ಬರೆದದ್ದನ್ನು ಓದಿ ಹೇಳುವಾಗ "ಕಸದ ಚೀಲ ಎತ್ತುವಾಗ" ಎಂಬಲ್ಲಿ ನನ್ನನ್ನು ತಡೆದರು: "ಕಪ್ಪು ಚೀಲ ಅಂತ ಬರೀರಿ ಮೇಡಂ. ಸೂಜಿ ಬಿಳೀ ಡಬ್ಬಿಗೆ ಬೀಳ್ಬೇಕು, ಕಪ್ಪು ಚೀಲಕ್ಕಲ್ಲ. ಅದ್ನ ಅಲ್ಲಿಗೆ ಹಾಕ್ದೋಳು ನಾನಲ್ಲ." ಎರಡು ವಾರಗಳಿಂದ ತಗ್ಗಿದ್ದ ಅವರ ದನಿ ಅಂದು ಮೊದಲ ಸಲ ಗಟ್ಟಿಯಾದದ್ದನ್ನು ಕೇಳಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುವುದೂ ಅದನ್ನೇ: ಸೂಜಿ, ಬ್ಲೇಡು ಚುಚ್ಚಿ ಹೊರಬರದಂಥ ಬಿಳಿ ಡಬ್ಬಿಗೇ ಹೋಗಬೇಕು, ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಆ ನಿಯಮವನ್ನು ನೆನಪಿಟ್ಟುಕೊಂಡಿದ್ದವರು ಹೆಬ್ಬೆಟ್ಟು ಒತ್ತಿದ ಹೆಂಗಸು.

ಕಪ್ಪು ಚೀಲ ಎಂದು ತಿದ್ದಿದ ಮೇಲೆ ಅವರು ಆ ದಿನದ ಮಾತ್ರೆಯನ್ನು ನನ್ನ ಎದುರಿಗೇ ನುಂಗಿದರು.

ನಾನು ಕೊಟ್ಟ ಸಲಹೆ ಇಷ್ಟು: 28 ದಿನ ಪೂರ್ತಿ ಮಾಡಿ, ಈ ಹೇಳಿಕೆಯನ್ನು ಆಸ್ಪತ್ರೆಯ ಆಡಳಿತಕ್ಕೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಎರಡನೆಯ ಸಲಹೆಗೆ ನನ್ನ ಸಹೋದ್ಯೋಗಿಯೊಬ್ಬರು ಬಲವಾಗಿ ಆಕ್ಷೇಪಿಸಿದರು. ದಿನಗೂಲಿಯ ಮೇಲೆ ಬದುಕುವವಳ ಕೈಗೆ ಕಾಗದ ಕೊಟ್ಟು ಕಳಿಸಿದರೆ ಅನ್ನ ಹೋಗುವುದು ಅವಳದು, ನಮ್ಮದಲ್ಲ ಎಂದರು. ಆ ಮಾತಿನಲ್ಲಿರುವ ಸತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲಸಕ್ಕೆ ತೊಂದರೆಯಾಗಬಹುದು ಎಂದು ಗೌರಮ್ಮನವರಿಗೂ ಬಿಡಿಸಿ ಹೇಳಿ, ಯೋಚಿಸಲು ಎರಡು ದಿನ ಕೊಟ್ಟೆ. ಆದರೂ ಆ ಸಲಹೆಯನ್ನು ಕೊಟ್ಟದ್ದು ಸರಿ ಎಂದೇ ನಂಬಿದ್ದೇನೆ. ಮುಂದೆ ಏನಾದರೂ ಆದರೆ, ಅದು ಕೆಲಸದಲ್ಲಿ ಆದದ್ದು ಎನ್ನಲು ಅವರ ಬಳಿ ಇರುವ ಸಾಕ್ಷಿ ಆ ಹೇಳಿಕೆ ಮತ್ತು ಮೊದಲ ದಿನದ ರಕ್ತಪರೀಕ್ಷೆಯ ವರದಿ ಮಾತ್ರ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಆರೋಗ್ಯ ಸೇವೆ ಕೊಡುವ ಸಂಸ್ಥೆಯಲ್ಲಿ ಕೆಲಸ ಮಾಡುತ್ತ ಸೋಂಕಿನ ಅಪಾಯಕ್ಕೆ ಒಳಗಾಗಬಹುದಾದ ಎಲ್ಲರಿಗೂ ಸುರಕ್ಷತಾ ಸಾಮಗ್ರಿ, ತರಬೇತಿ ಮತ್ತು ಈ ತಡೆ ಔಷಧಿ ಕೊಡಬೇಕೆನ್ನುತ್ತದೆ. ಎಲ್ಲರಿಗೂ ಎಂದ ಮೇಲೆ ಗುತ್ತಿಗೆಯವರೂ ಅದರಲ್ಲಿ ಸೇರಿದರು ಎಂಬುದು ನನ್ನ ತಿಳಿವಳಿಕೆ.

ಗಂಡನಿಗೆ ಹೇಳಲೇಬೇಕೆಂದು ಒತ್ತಾಯಿಸಲಿಲ್ಲ. ಪರೀಕ್ಷೆಗಳು ಮುಗಿಯುವವರೆಗೆ ಕಾಂಡೋಮ್ ಬಳಸಬೇಕು ಇಲ್ಲವೇ ದೂರವಿರಬೇಕು, ರಕ್ತದಾನ ಮಾಡಬಾರದು ಎಂದಷ್ಟೇ ಹೇಳಿ, ಹೇಗೆ ತಿಳಿಸುವುದೆಂಬುದನ್ನು ಅವರಿಗೇ ಬಿಟ್ಟೆ. ಅವರು ಇದ್ದದ್ದನ್ನು ಇದ್ದ ಹಾಗೆ ಗಂಡನಿಗೆ ಹೇಳಿದರು. ಅವರು ಹೆದರಿದ್ದಷ್ಟು ಏನೂ ಆಗಲಿಲ್ಲ.

ಮೇಲ್ವಿಚಾರಣೆ ಮಾಡುವವರು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಒಂದೇ. ಸೂಜಿ ಚುಚ್ಚಿತು ಎಂದು ಯಾರಾದರೂ ಬಂದಾಗ "ನೋಡ್ಕೊಂಡು ಮಾಡೋಕಾಗಲ್ವಾ" ಎನ್ನಬೇಡಿ. ಎಷ್ಟು ಗಂಟೆಗೆ ಎಂದು ಕೇಳಿ. ಸೋಪು ಮತ್ತು ಹರಿಯುವ ನೀರಿನಲ್ಲಿ ಗಾಯ ತೊಳೆಸಿ. ಗೌರಮ್ಮ ಗಾಯವನ್ನು ಹಿಂಡಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಬೆರಳು ಅದ್ದಿದ್ದರು, ಎರಡನ್ನೂ ಮಾಡಬಾರದು. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ, ಔಷಧಿ ತೆಗೆದುಕೊಳ್ಳದಿದ್ದಾಗ ಸೋಂಕು ತಗಲುವುದು 1000ಕ್ಕೆ ಸುಮಾರು 3 ಪ್ರಕರಣಗಳಲ್ಲಿ. ಲಸಿಕೆ ಆಗದವರಿಗೆ ಹೆಪಟೈಟಿಸ್ ಬಿ ಇರುವವರ ಸೂಜಿಯಿಂದ ಆ ಸೋಂಕು ತಗಲುವ ಸಾಧ್ಯತೆ 100ಕ್ಕೆ 6ರಿಂದ 30. ನನ್ನ ಮುಂದೆ ಕೂತವರೆಲ್ಲ ಮೊದಲನೆಯದಕ್ಕೆ ನಡುಗುತ್ತಾರೆ. ಮೂರು ಡೋಸ್ ಲಸಿಕೆಯಿಂದ ತಡೆಯಬಹುದಾದ ಎರಡನೆಯದರ ಮಾತನ್ನು ನಾನೇ ಎತ್ತಬೇಕಾಗುತ್ತದೆ.

ಗೌರಮ್ಮನವರ ಕೆಲಸ ಉಳಿಯಿತು, ಆದರೆ ವಾರ್ಡಿನಿಂದ ತೆಗೆದು ಹೊರಗಿನ ಆವರಣ ಗುಡಿಸಲು ಹಾಕಿದರು. ರಾತ್ರಿ ಪಾಳಿಗೆ ಸಿಗುತ್ತಿದ್ದ ಹೆಚ್ಚುವರಿ ಹಣ ನಿಂತಿತು. ಆ ನಷ್ಟದಲ್ಲಿ ನನ್ನ ಸಲಹೆಯ ಪಾಲೂ ಇದೆ ಎಂಬುದನ್ನು ನಾನು ಮರೆತಿಲ್ಲ. ಆರು ವಾರ, ಮೂರು ತಿಂಗಳು, ಆರು ತಿಂಗಳ ಪರೀಕ್ಷೆಗಳಲ್ಲಿ ಯಾವ ಸೋಂಕೂ ಕಾಣಲಿಲ್ಲ.

ಲಸಿಕೆಯ ಮೂರನೆಯ ಡೋಸಿಗೆ ಬಂದ ದಿನ ಅವರ ಜೊತೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳಿದ್ದಳು. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಅಂಗೈ ಮೇಲೆ ನೀಲಿ ಪೆನ್ನಿನಲ್ಲಿ 11.20 ಎಂದು ಬರೆದಿತ್ತು. ಗೋಡೆಯ ಗಡಿಯಾರದಲ್ಲಿ ಆಗ ಹನ್ನೆರಡು ಗಂಟೆ.