ಉಣುಗು ಕಚ್ಚಿ ಜ್ವರ ಬಂದಿದೆ, ಆದರೆ ರಕ್ತ ಪರೀಕ್ಷೆ ನೆಗೆಟಿವ್. ಸೋಂಕಿಲ್ಲ ಅಂತಾನಾ?

ಹಾಗೆ ಹೇಳೋಕೆ ಬರಲ್ಲ. ಜ್ವರದ ನಾಲ್ಕನೇ ದಿನ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು, ಇನ್ನು ಚಿಂತೆ ಬೇಡವಾ ಅಂತ ಕೇಳಿದ್ದೀರಿ. ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಥ ರಿಪೋರ್ಟ್ ಕೈಗೆ ಬಂದರೆ ಮೊದಲು ನೋಡುವುದು ರಕ್ತ ಯಾವ ದಿನ ತೆಗೆದರು ಅಂತ.

ಆ್ಯಂಟಿಬಾಡಿ ಟೆಸ್ಟ್ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ. ಅದರ ವಿರುದ್ಧ ಮೈ ಏನು ತಯಾರಿಸಿದೆ ಅಂತ ಹುಡುಕುತ್ತದೆ. ಅದು ಅಳತೆಗೆ ಸಿಗುವಷ್ಟು ಆಗಲು ಒಂದೆರಡು ವಾರ ಬೇಕು. ಉಣುಗಿನಿಂದ ಹರಡುವ ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆಯಲ್ಲಿ ಚರ್ಮದ ಮೇಲೆ ಕೆಂಪು ಮಚ್ಚೆ ಅಗಲವಾಗಿ ಹರಡುತ್ತಿರುವಾಗಲೇ ಪರೀಕ್ಷೆ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ನೆಗೆಟಿವ್ ಬರಬಹುದು. ಅದಕ್ಕೇ ಆ ಮಚ್ಚೆ ಕಂಡರೆ ಡಾಕ್ಟರು ಟೆಸ್ಟಿಗೆ ಕಾಯದೆ ಔಷಧಿ ಕೊಡುತ್ತಾರೆ.

ಹಾಗಾದರೆ ಪಿಸಿಆರ್ ಮಾಡಿಸಿದರಾಯ್ತು, ಅಲ್ವಾ? ಅದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹಿಡಿಯುತ್ತದೆ, ನಿಜ. ಆದರೆ ಟ್ಯೂಬಿನಲ್ಲಿ ಅದು ಇರಬೇಕಲ್ಲ! ಉಣುಗು ಹರಡುವ ಬ್ಯಾಕ್ಟೀರಿಯಾಗಳಲ್ಲಿ ಅನಾಪ್ಲಾಸ್ಮಾ ಮತ್ತು ಎರ್ಲಿಕಿಯಾ ಬಿಳಿ ರಕ್ತಕಣಗಳ ಒಳಗೇ ಬೆಳೆಯುತ್ತವೆ. ಹಾಗಾಗಿ ಮೊದಲ ವಾರದಲ್ಲಿ ರಕ್ತದ ಪಿಸಿಆರ್ ಚೆನ್ನಾಗಿ ಹಿಡಿಯುತ್ತದೆ. ರಿಕೆಟ್ಸಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರಕ್ತನಾಳದ ಒಳಗೋಡೆಯ ಕೋಶಗಳಲ್ಲಿ ಸೇರಿಕೊಳ್ಳುತ್ತದೆ, ರಕ್ತದಲ್ಲಿ ತೇಲುವುದು ಕಡಿಮೆ. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಇದ್ದರೆ ಅದನ್ನೆತ್ತಿ ಅಡಿಯಿಂದ ಸ್ವಾಬ್ ತೆಗೆಯುವುದು ರಕ್ತಕ್ಕಿಂತ ವಾಸಿ. ಲೈಮ್ ಬ್ಯಾಕ್ಟೀರಿಯಾ ರಕ್ತದಲ್ಲಿ ಇದ್ದರೂ ತೀರಾ ಕಡಿಮೆ, ಅಲ್ಲಿ ಪಿಸಿಆರ್ ನೆಗೆಟಿವ್‌ಗೆ ಬೆಲೆಯೇ ಇಲ್ಲ. ಬಿಟ್ಟು ಬಿಟ್ಟು ಮರುಕಳಿಸುವ ಜ್ವರ ತರುವ ಬೊರೇಲಿಯಾ ಬ್ಯಾಕ್ಟೀರಿಯಾ ಇದಕ್ಕೆ ತದ್ವಿರುದ್ಧ. ಜ್ವರ ಏರಿದಾಗ ಗಾಜಿನ ಮೇಲೆ ತೆಳುವಾಗಿ ಹರಡಿದ ರಕ್ತದ ಲೇಪನದಲ್ಲೇ ಸುರುಳಿ ಸುರುಳಿಯಾಗಿ ಕಾಣುತ್ತದೆ, ಇಳಿದ ಮೇಲೆ ಹುಡುಕಿದರೂ ಸಿಗುವುದಿಲ್ಲ.

ಸೂಕ್ಷ್ಮದರ್ಶಕವನ್ನು ಹಳೇ ಕಾಲದ್ದು ಅಂತ ತಳ್ಳಬೇಡಿ. ರಕ್ತವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿದಾಗ ಕೆಂಪು ಕಣಗಳ ಮೇಲೆ ಕೂರುವ ತೆಳು ಬಿಳಿ ಪದರದಿಂದ ಲೇಪನ ಮಾಡಿ ಜೀಮ್ಸಾ ಬಣ್ಣ ಹಾಕಿದರೆ, ನ್ಯೂಟ್ರೋಫಿಲ್ ಎಂಬ ಬಿಳಿ ಕಣದ ಒಳಗೆ ಅನಾಪ್ಲಾಸ್ಮಾ ಹಿಪ್ಪುನೇರಳೆ ಹಣ್ಣಿನಂತೆ ನೇರಳೆ ಬಣ್ಣದ ಸಣ್ಣ ಗೊಂಚಲಾಗಿ ಕಾಣುತ್ತದೆ. ಕಣದ ಮೇಲೆ ಸುಮ್ನೆ ಕೂತ ಪ್ಲೇಟ್‌ಲೆಟ್ ಕೂಡ ಥೇಟ್ ಹಾಗೇ ಕಾಣುವುದುಂಟು. ಫೋಕಸ್ಸನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಬೇಕು, ಪ್ಲೇಟ್‌ಲೆಟ್ ಆದರೆ ಬೇರೆ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ. ಕಂಡರೆ ಅದೇ ದಿನ ಸುಳಿವು ಸಿಕ್ಕಂತೆ. ಕಾಣದಿದ್ದರೆ ಏನೂ ಸಾಬೀತಾಗಲ್ಲ.

ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಬಿಳಿ ಕಣ ಎರಡೂ ಇಳಿದು ಲಿವರ್ ಕಿಣ್ವ ಏರಿದ್ದರೆ ಅದೂ ಒಂದು ಸುಳಿವು. ಆದರೆ ಡೆಂಗಿಯಲ್ಲೂ ಹೀಗೇ ಆಗುತ್ತದೆ. ಉಣುಗು ಕಚ್ಚಿದ್ದನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.

ಪಿಸಿಆರ್‌ಗೆ ರಕ್ತವನ್ನು ಇದಕ್ಕೆ ಕೊಡುವ ಆ್ಯಂಟಿಬಯಾಟಿಕ್ ಡಾಕ್ಸಿಸೈಕ್ಲಿನ್‌ನ ಮೊದಲ ಮಾತ್ರೆಗೆ ಮುಂಚೆ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಕೊಡಿ. ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬ್ ಬೇಡ, ಹೆಪಾರಿನ್ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ. ಆದರೆ ರಿಪೋರ್ಟ್ ಬರಲಿ ಅಂತ ಮಾತ್ರೆ ಶುರು ಮಾಡೋದನ್ನು ತಡ ಮಾಡಬೇಡಿ. ರಿಕೆಟ್ಸಿಯಾದಿಂದ ಬರುವ ರಾಕಿ ಮೌಂಟನ್ ಮಚ್ಚೆ ಜ್ವರದಲ್ಲಿ ಕಾಯಿಲೆಯ ಐದನೇ ದಿನ ದಾಟಿದ ಮೇಲೆ ಚಿಕಿತ್ಸೆ ಶುರುವಾದರೆ ಸಾವಿನ ಅಪಾಯ ಏರುತ್ತದೆ. ಡಾಕ್ಟರಿಗೆ ಅನುಮಾನ ಇದ್ದರೆ ಅಷ್ಟೇ ಸಾಕು, ಶುರು ಮಾಡುತ್ತಾರೆ.

ಎರಡರಿಂದ ನಾಲ್ಕು ವಾರ ಬಿಟ್ಟು ಆ್ಯಂಟಿಬಾಡಿ ಟೆಸ್ಟಿಗೆ ಇನ್ನೊಮ್ಮೆ ರಕ್ತ ಕೊಡಿ. ಹುಷಾರಾದ ಮೇಲೆ ಯಾರೂ ಬರುವುದೇ ಇಲ್ಲ, ನಮಗದು ದೊಡ್ಡ ತಲೆನೋವು. ಆ್ಯಂಟಿಬಾಡಿ ಮಟ್ಟ ನಾಲ್ಕು ಪಟ್ಟು ಏರಿದ್ದರೆ ಈಗಿನ ಸೋಂಕು ಅಂತ ಧೈರ್ಯವಾಗಿ ಹೇಳಬಹುದು. ಒಂದೇ ಸಲದ ಪಾಸಿಟಿವ್ ಹಿಂದೆಂದೋ ಬಂದುಹೋದ ಸೋಂಕಿನ ಗುರುತೂ ಆಗಿರಬಹುದು. ಲೈಮ್‌ನಲ್ಲಿ ಮಾತ್ರ ಇನ್ನೊಂದು ಪೇಚಿದೆ. ಬೇಗ ಔಷಧಿ ತೆಗೆದುಕೊಂಡವರಲ್ಲಿ ಕೆಲವರಿಗೆ ಆ್ಯಂಟಿಬಾಡಿ ಏಳುವುದೇ ಇಲ್ಲ. ಅವರಿಗೆ ಕಾಯಿಲೆ ಬಂದದ್ದು ನಿಜವಾದರೂ ಎರಡನೇ ರಿಪೋರ್ಟೂ ನೆಗೆಟಿವ್ ಬರುತ್ತದೆ.